ಹೈದರಾಲಿ: ಉಪ್ಪುಂಡವರ ಬರಹಗಳಲ್ಲಿ

ಮೈಸೂರಿನ ಆಡಳಿತವನ್ನು 1761ರಿಂದ 1782ರವರೆಗೆ ಕೈಯಲ್ಲಿಟ್ಟುಕೊಂಡಿದ್ದ ಹೈದರಾಲಿ ಓದುಬರಹ ಕಲಿತವನಲ್ಲ. ತನ್ನ ಬಗ್ಗೆ ಕೈಯಾರೆ ಒಂದು ಸಾಲನ್ನೂ ಬಿಟ್ಟುಹೋಗಲಿಲ್ಲ. ಅವನು ಎಂಥ ಮನುಷ್ಯ ಎಂದು ಇಂದು ತಿಳಿಯಬೇಕಾದರೆ ಅವನ ಉಪ್ಪುಂಡವರನ್ನೇ ಕೇಳಬೇಕು: ಕಚೇರಿಯ ಗುಮಾಸ್ತರು, ತೋಪಖಾನೆಯ ಫರಂಗಿಗಳು, ಅವನು ಸತ್ತ ಮೇಲೂ ಬದುಕಿದ್ದ ಖಜಾನೆಯ ಅಧಿಕಾರಿಗಳು. ಇವರು ಬರೆದ, ಇಲ್ಲವೇ ಹೇಳಿ ಬರೆಸಿದ ನೆನಪುಗಳು ಕನ್ನಡ, ಪಾರಸಿ, ಮರಾಠಿ, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಉಳಿದಿವೆ.

ಆ ಕಾಲದ ಕಥೆಯಲ್ಲಿ ಇಂದಿನ ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳು ಮತ್ತೆ ಮತ್ತೆ ಬರುತ್ತವೆ. ಹೈದರನಿಗೆ ನವಾಬಗಿರಿ ಸಿಕ್ಕಿದ್ದು ಶಿರಾದ ಹೆಸರಿನಲ್ಲಿ. ಬಿದನೂರಿನ ರಾಣಿಯನ್ನು ಅವನು ಸೆರೆಯಿಟ್ಟದ್ದು ಆಗ ಮದ್ದಗಿರಿ ಎನಿಸಿಕೊಳ್ಳುತ್ತಿದ್ದ ಮಧುಗಿರಿಯಲ್ಲಿ. ಅವನ ಸ್ವಂತ ಭಾವಮೈದುನ ಕೈಕೊಟ್ಟದ್ದು ಮತ್ತೆ ಶಿರಾದ ಕೋಟೆಯಲ್ಲಿ. ಹೈದರನ ಗುಣವನ್ನು ಅಳೆಯಲು ಶ್ರೀರಂಗಪಟ್ಟಣದ ಅರಮನೆಗಿಂತ ಈ ಬಯಲುಸೀಮೆಯ ಮೂರು ಪ್ರಸಂಗಗಳೇ ಒಳ್ಳೆಯ ಒರೆಗಲ್ಲು.

ಬರೆದವರು

ಕನ್ನಡದ ಓದುಗರು ಮೊದಲು ನೋಡಬೇಕಾದದ್ದು 'ಹೈದರ್‌ನಾಮೆ'. ಹೈದರ್ ಸತ್ತ ಎರಡನೆಯ ವರ್ಷ, ಎಂದರೆ 1784ರಲ್ಲಿ, ಕನ್ನಡ ಗದ್ಯದಲ್ಲಿ ಸಿದ್ಧವಾದ ಹಸ್ತಪ್ರತಿ ಇದು. ಇದನ್ನು ನಲ್ಲಪ್ಪ ಎಂಬ ಅಧಿಕಾರಿಯ ಹೆಸರಿಗೆ ಹೊಂದಿಸಿ ಹೇಳುವುದು ರೂಢಿ. ಮೈಸೂರು ಪುರಾತತ್ವ ಇಲಾಖೆಯ 1930ರ ವಾರ್ಷಿಕ ವರದಿಯಲ್ಲಿ ಡಾ. ಎಂ. ಎಚ್. ಕೃಷ್ಣ ಇದನ್ನು ಬೆಳಕಿಗೆ ತಂದರು. ಇದು ಆಸ್ಥಾನ ಕವಿಯ ಹೊಗಳಿಕೆಯಲ್ಲ, ಲೆಕ್ಕ ಬರೆಯುವವನ ಕೈಬರಹ.

ಪಾರಸಿಯಲ್ಲಿ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಬರೆದ 'ನಿಶಾನ್-ಎ-ಹೈದರಿ' ಹೆಚ್ಚು ಪ್ರಸಿದ್ಧ. ಕಿರ್ಮಾನಿ ಹೈದರ್ ಮತ್ತು ಅವನ ಮಗ ಟಿಪ್ಪು ಇಬ್ಬರ ಚಾಕರಿಯಲ್ಲೂ ಇದ್ದವನು. ಬರೆದದ್ದು ಮಾತ್ರ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪನಿಯವರ ನೆರಳಿನಲ್ಲಿ. ಕರ್ನಲ್ ಮೈಲ್ಸ್ 1842ರಲ್ಲಿ ಇದರ ಹೈದರ್ ಭಾಗವನ್ನು ಇಂಗ್ಲಿಷಿಗೆ ತಂದ. ಪುಂಗನೂರಿನ ರಾಮಚಂದ್ರರಾವ್ ಮರಾಠಿಯಲ್ಲಿ ಬರೆದ ಚಿಕ್ಕ ವೃತ್ತಾಂತವನ್ನು 1849ರಲ್ಲಿ ಅನುವಾದಿಸಿದವನು ಸಿ. ಪಿ. ಬ್ರೌನ್, ತೆಲುಗು ನಿಘಂಟಿನ ಅದೇ ಬ್ರೌನ್.

ಫರಂಗಿಗಳಲ್ಲಿ ಇಬ್ಬರು ಮುಖ್ಯ. ಪೋರ್ಚುಗೀಸ್ ಅಧಿಕಾರಿ ಪೇಶೋತೊ 1770ರವರೆಗಿನ ಘಟನೆಗಳನ್ನು ಬರೆದಿಟ್ಟ. ಅದು ಬಹುಕಾಲ ಹಸ್ತಪ್ರತಿಯಾಗಿಯೇ ಉಳಿದು ಇತಿಹಾಸಕಾರರ ಕೈಯಿಂದ ಕೈಗೆ ಓಡಾಡಿತು. ಹೈದರನ ತೋಪಖಾನೆಯ ಮುಖ್ಯಸ್ಥನಾಗಿದ್ದೆನೆಂದು ಹೇಳಿಕೊಳ್ಳುವ ಫ್ರೆಂಚ್ ಅಧಿಕಾರಿ ದ ಲ ತೂರ್, ಇಂಗ್ಲಿಷರೊಡನೆಯ ಯುದ್ಧದ ಬಿಸಿ ಆರುವ ಮುನ್ನವೇ, 1780ರ ದಶಕದ ಮೊದಲ ವರ್ಷಗಳಲ್ಲಿ, ಯೂರೋಪಿನಲ್ಲಿ ಪುಸ್ತಕ ಹೊರತಂದ. ತನ್ನ ಪೂರ್ತಿ ಹೆಸರು ಹಾಕದೆ ಮೊದಲಕ್ಷರಗಳನ್ನಷ್ಟೇ ಹಾಕಿಕೊಂಡ. ಟಿಪ್ಪುವಿನ ಮಗ ಗುಲಾಮ್ ಮಹಮ್ಮದ್ ಇದೇ ಪುಸ್ತಕವನ್ನು 1855ರಲ್ಲಿ ತಿದ್ದಿ ಮತ್ತೆ ಅಚ್ಚು ಹಾಕಿಸಿದ್ದು ಗಮನಾರ್ಹ: ಅಜ್ಜನ ಚಿತ್ರ ಮೊಮ್ಮಗನಿಗೆ ಒಪ್ಪಿಗೆಯಾಗಿತ್ತು.

ಇನ್ನು ಮಾರ್ಕ್ ವಿಲ್ಕ್ಸ್. ಈತ ಒಳಗಿನವನಲ್ಲ, ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ಆದರೆ ಹೈದರನ ಹಳೆಯ ಚಾಕರರು ಇನ್ನೂ ಬದುಕಿದ್ದಾಗ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡ. ಅವರಲ್ಲಿ ದೊಡ್ಡ ಹೆಸರು ದಿವಾನ್ ಪೂರ್ಣಯ್ಯನದು. 1810 ಮತ್ತು 1817ರ ನಡುವೆ ಮೂರು ಸಂಪುಟಗಳಲ್ಲಿ ಬಂದ ವಿಲ್ಕ್ಸನ ಇತಿಹಾಸ, ತಾವೇ ಬರೆಯದೆ ಹೋದ ಒಳಗಿನವರ ನೆನಪಿನ ಉಗ್ರಾಣ.

ಶಿರಾ: ನಗಾರಿಯ ಸಾಲ

1687ರಲ್ಲಿ ಮೊಗಲರು ಶಿರಾವನ್ನು ಏಳು ಪರಗಣೆಗಳ ಸುಬಾದ ಕೇಂದ್ರ ಮಾಡಿದರು. ಅವುಗಳಲ್ಲಿ ದೊಡ್ಡಬಳ್ಳಾಪುರವೂ ಒಂದು. ಹೈದರನ ತಂದೆ ಫತೇ ಮಹಮ್ಮದ್ ಶಿರಾದ ನವಾಬರ ಕೈಕೆಳಗೆ ಚಾಕರಿ ಮಾಡಿ, ಅವರ ಒಳಜಗಳದ ಕಾಳಗದಲ್ಲಿ ಸತ್ತ. ಕುಟುಂಬ ಆಗ ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿಯ ಜಹಗೀರುದಾರನ ಮಗ ಅಬ್ಬಾಸ್ ಕುಲಿ ಖಾನ್, ಸತ್ತವನು ಬಾಕಿ ಉಳಿಸಿದ್ದಾನೆಂದು ಹೇಳಿ ಮನೆಯನ್ನೆಲ್ಲ ದೋಚಿದ. ಸಾಲದೆ, ಹೈದರ್ ಮತ್ತು ಅವನ ಅಣ್ಣ ಶಹಬಾಜ್ ಇಬ್ಬರು ಹುಡುಗರನ್ನೂ ಹಿಡಿದು ಹಿಂಸಿಸಿದ. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಮೇಲಿಂದ ನಗಾರಿ ಬಾರಿಸಿ, ತಾಯಿಯ ಕೈಯಿಂದ ದುಡ್ಡು ಬಿಡಿಸಿದನೆಂದು ಕಥೆ. ಆಗ ಹೈದರನಿಗೆ ಏಳೆಂಟು ವರ್ಷ.

ಮುಂದಿನದನ್ನು ನಿಧಾನವಾಗಿ ನೋಡಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಹೈದರ್ ಈ ಬಾಕಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಶಿರಾವನ್ನು ಗೆಲ್ಲಬೇಕೆಂದು ಹೊರಟು ಹೊಸಕೋಟೆಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದ. ಶಿರಾ ಆಗ ಮರಾಠರ ವಶದಲ್ಲಿತ್ತು. ಹೈದರ್ ಅವನಿಗೆ ಮೂರು ಲಕ್ಷ ರೂಪಾಯಿ ನಜರು ಕೊಟ್ಟು ಶಿರಾದ ನವಾಬಗಿರಿಯನ್ನು ಬರೆಸಿಕೊಂಡ. ಮಾರಿದವನ ಕೈಯಲ್ಲಿ ಊರಿರಲಿಲ್ಲ, ಕೊಂಡವನ ಕೈಯಲ್ಲೂ ಇರಲಿಲ್ಲ. ವ್ಯಾಪಾರವಾದದ್ದು ಬರಿಯ ಹೆಸರಿಗೆ. ಆ ಹೆಸರು ಕೈಗೆ ಬಂದ ಮೇಲೆ ಇಬ್ಬರೂ ಸೇರಿ ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾಗಳನ್ನು ತೆಗೆದುಕೊಂಡರು. ನವಾಬ್ ಹೈದರ್ ಅಲಿ ಖಾನ್ ಬಹದ್ದೂರ್ ಎಂಬ ಬಿರುದು ಅಲ್ಲಿಂದ ಬಂತು. ತಂದೆ ಯಾರ ಬಾಗಿಲಲ್ಲಿ ನಾಯಕನಾಗಿ ನಿಂತಿದ್ದನೋ ಆ ಗಾದಿಯನ್ನು ಮಗ ಮೊದಲು ಕಾಗದದ ಮೇಲೆ, ಆಮೇಲೆ ನೆಲದ ಮೇಲೆ ಕೊಂಡುಕೊಂಡ.

ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಓಡಿದ. 1769ರಲ್ಲಿ ಹೈದರನ ಕುದುರೆಗಳು ಮದರಾಸಿನ ಹೊರವಲಯಕ್ಕೆ ಬಂದಾಗ ಈ ಮುದುಕ ಒಂದು ಮುರುಕು ಹಡಗು ಹತ್ತಿ ಸಮುದ್ರದಲ್ಲೇ ಕೂತಿದ್ದು, ಹೈದರ್ ಹಿಂತಿರುಗಿದ ಮೇಲೆ ದಡಕ್ಕೆ ಇಳಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಹೈದರನ ನೆನಪಿನ ಶಕ್ತಿಯನ್ನು ಹೊಗಳದ ಲೇಖಕನಿಲ್ಲ. ಆ ಶಕ್ತಿ ಏನೆಂದು ಚೆನ್ನಾಗಿ ಬಲ್ಲವನು ಆ ಹಡಗಿನಲ್ಲಿ ಕೂತಿದ್ದವನು.

ಶಿರಾದ ಮೇಲೆ ಹೈದರನಿಗೆ ಹಗೆಯಿತ್ತೆಂದು ಮಾತ್ರ ಹೇಳುವಂತಿಲ್ಲ. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗ್ ತೋಟವೇ ಮಾದರಿ ಎನ್ನುತ್ತಾರೆ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಶಿರಾದ ನವಾಬ ದಿಲಾವರ್ ಖಾನನ ಅರಮನೆ ಮಾದರಿಯಾಯಿತೆಂಬ ಮಾತೂ ಇದೆ. ಬಾಲ್ಯದಲ್ಲಿ ದೂರದಿಂದ ನೋಡಿದ ಸಿರಿಯನ್ನು ದೊಡ್ಡವನಾದ ಮೇಲೆ ತನ್ನೂರಿನಲ್ಲಿ ಕಟ್ಟಿಸಿಕೊಳ್ಳುವ ಆಸೆ ಎಲ್ಲರಿಗೂ ಇರುವಂಥದೇ.

ದರ್ಬಾರಿನಲ್ಲಿ

ದಿನಚರಿಯ ವಿವರಕ್ಕೆ ದ ಲ ತೂರನೇ ಆಧಾರ. ಹೈದರ್ ಗಡ್ಡ, ಮೀಸೆ, ಹುಬ್ಬನ್ನೂ ಬಿಡದೆ ಬೋಳಿಸಿಕೊಳ್ಳುತ್ತಿದ್ದ. ಬೆಳಗಿನ ಬಹುಹೊತ್ತು ಕ್ಷೌರಿಕನ ಮುಂದೆಯೇ ಕಳೆಯುತ್ತಿತ್ತು. ಆಮೇಲೆ ಕಚೇರಿ. ಕುದುರೆ ಆನೆಗಳು ಬಂದು ಸಲಾಮು ಹೊಡೆದು ಹೋಗುವವು. ಜರತಾರಿ ಹೊದಿಸಿದ ಬೇಟೆಯ ಚಿರತೆಗಳನ್ನು ಕರೆತಂದಾಗ ತನ್ನ ಕೈಯಿಂದಲೇ ಅವಕ್ಕೆ ಸಿಹಿಯುಂಡೆ ತಿನ್ನಿಸುವನು.

ಲೂಥರನ್ ಪಾದ್ರಿ ಶ್ವಾರ್ಟ್ಸ್ ಈ ಸಾಲಿಗೆ ಸೇರುವವನಲ್ಲ, ಅವನು ಬಂದುಹೋದ ಅತಿಥಿ. 1779ರಲ್ಲಿ ಮದರಾಸು ಸರ್ಕಾರದ ಪರವಾಗಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಆದರೂ ಕಚೇರಿ ನಡೆಯುತ್ತಿದ್ದ ಬಗೆಯನ್ನು ಅವನಷ್ಟು ಸ್ಪಷ್ಟವಾಗಿ ಕಂಡವರಿಲ್ಲ. ಒಬ್ಬ ಬಂದ ಕಾಗದವನ್ನು ಓದುವನು, ಹೈದರ್ ಬಾಯಲ್ಲಿ ಉತ್ತರ ಹೇಳುವನು, ಇನ್ನೊಬ್ಬ ಬರೆಯುವನು. ಬರೆದದ್ದನ್ನು ಬೇರೊಬ್ಬನ ಕೈಯಲ್ಲಿ ಓದಿಸಿ ನೋಡಿ, ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಬರೆದವನ ತಲೆಗೇ ಕುತ್ತು. ಅಕ್ಷರ ಬಾರದವನು ಅಕ್ಷರಸ್ಥರನ್ನು ಆಳಿದ ಯುಕ್ತಿ ಇದು: ಒಬ್ಬನ ಮೇಲೆ ಇನ್ನೊಬ್ಬನ ಕಾವಲು. ಪಾದ್ರಿಗೆ ಬೆರಗು ಹುಟ್ಟಿಸಿದ ಸಂಗತಿಗಳು ಇನ್ನೂ ಎರಡು. ಚಾಟಿ ಹಿಡಿದವರು ಸದಾ ಸಿದ್ಧರಿದ್ದರು, ಏಟು ಬೀಳದ ದಿನವಿರಲಿಲ್ಲ, ದೊಡ್ಡ ಅಧಿಕಾರಿಯೆಂಬ ರಿಯಾಯಿತಿಯೂ ಇರಲಿಲ್ಲ. ಅದೇ ಊರಿನಲ್ಲಿ ತಬ್ಬಲಿ ಹುಡುಗರಿಗೆ ಊಟ ಬಟ್ಟೆ ಕೊಟ್ಟು, ಕೈಗೆ ಮರದ ಬಂದೂಕು ಕೊಟ್ಟು ಕವಾಯತು ಕಲಿಸುತ್ತಿದ್ದರು. ಇನ್ನು ಯಾರು ಯಾವ ಮತದವರು ಎಂಬ ಗೊಡವೆಯೇ ಹೈದರನಿಗಿಲ್ಲವೆಂದು ಈ ಪಾದ್ರಿ ಬರೆದ. ಅವನ ದೃಷ್ಟಿಯಲ್ಲಿ ಅದು ಅಷ್ಟೇನೂ ಮೆಚ್ಚುಗೆಯಲ್ಲ.

ನ್ಯಾಯದ ಕಥೆಯೊಂದನ್ನು ದ ಲ ತೂರ್ ಬಹಳ ಇಷ್ಟಪಟ್ಟು ಹೇಳುತ್ತಾನೆ. ಕೊಯಮತ್ತೂರಿನಲ್ಲಿ ಸವಾರಿ ಹೋಗುವಾಗ ಮುದುಕಿಯೊಬ್ಬಳು ಅಡ್ಡಬಿದ್ದು, ಮಗಳನ್ನು ಅಧಿಕಾರಿಯೊಬ್ಬ ಎಳೆದುಕೊಂಡು ಹೋದನೆಂದು ಗೋಳಿಟ್ಟಳು. ಆಕೆಯ ದೂರು ಮೊದಲೇ ಅರಮನೆಗೆ ಬಂದಿತ್ತು. ಅದನ್ನು ಒಳಕ್ಕೆ ಬಿಡದೆ ಮುಚ್ಚಿಹಾಕಿದವನು ದ್ವಾರಪಾಲಕರ ಮುಖ್ಯಸ್ಥ. ಅವನಿಗೆ ಇನ್ನೂರು ಚಾಟಿಯೇಟು, ಹುಡುಗಿಯನ್ನು ಒಯ್ದವನಿಗೆ ಶಿರಚ್ಛೇದ. ತಪ್ಪು ಮಾಡಿದವನಷ್ಟೇ ಅಲ್ಲ, ತಪ್ಪಿನ ಸುದ್ದಿ ಒಡೆಯನಿಗೆ ತಲುಪದಂತೆ ತಡೆದವನೂ ಅಪರಾಧಿ. ಓದಲಾಗದವನಿಗೆ ಬಾಯಿಮಾತಿನ ದೂರೇ ಕಣ್ಣು, ಅದಕ್ಕೆ ಅಡ್ಡ ನಿಂತವನು ಅವನ ಕಣ್ಣು ಕಿತ್ತಂತೆ. ಯೂರೋಪಿನ ಓದುಗರಿಗಾಗಿ ಲೇಖಕ ಕಥೆಗೆ ಬಣ್ಣ ಹಚ್ಚಿರಬಹುದು. ಆದರೆ ಶ್ವಾರ್ಟ್ಸ್ ಕಂಡ ಕಚೇರಿಗೆ ಈ ತೀರ್ಪು ಚೆನ್ನಾಗಿ ಹೊಂದುತ್ತದೆ.

ಸಹಿ ಹಾಕಲು ಹೈದರ್ ಕಲಿತದ್ದು ಒಂದೇ ಅಕ್ಷರ, ತನ್ನ ಹೆಸರಿನ ಮೊದಲನೆಯದು. ಅದನ್ನೂ ತಿರುವು ಮುರುವಾಗಿ ಬರೆಯುತ್ತಿದ್ದನೆಂದು ವಿಲ್ಕ್ಸ್ ಹೇಳುತ್ತಾನೆ. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಐದನ್ನೂ ನಿರಾಳವಾಗಿ ಆಡುತ್ತಿದ್ದ. ಆಡುವಾಗ ಬೈಗುಳ ಧಾರಾಳ. ಪ್ರೀತಿಯವರಿಗೂ ಅದರಲ್ಲಿ ಪಾಲಿತ್ತು.

ಮಧುಗಿರಿ: ಸೆರೆಯಾಳುಗಳು

1763ರಲ್ಲಿ ಹೈದರ್ ಬಿದನೂರನ್ನು ಗೆದ್ದ. ನೆಪಕ್ಕೆ ಅವನ ಕೈಯಲ್ಲೊಬ್ಬ ಹಕ್ಕುದಾರನಿದ್ದ: ಸತ್ತನೆಂದು ಎಲ್ಲರೂ ನಂಬಿದ್ದ ಬಿದನೂರಿನ ಅರಸ ಚೆನ್ನಬಸವರಾಜ ತಾನೇ ಎಂದು ಹೇಳಿಕೊಂಡು ಚಿತ್ರದುರ್ಗದ ಕಡೆಯಿಂದ ಬಂದವನು. ಸತ್ತು ಬದುಕಿದ ರಾಜನೆಂದು ಸೈನ್ಯದವರು ಅವನನ್ನು ಗೇಲಿ ಮಾಡುತ್ತಿದ್ದರು. ಇವನನ್ನು ಗಾದಿಗೇರಿಸುವೆನೆಂದು ಹೊರಟ ಹೈದರ್ ಊರು ಕೈಗೆ ಬಂದ ಮೇಲೆ ಆ ಮಾತನ್ನೇ ಮರೆತ. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಟ್ಟು ಬಲ್ಲಾಳರಾಯನ ದುರ್ಗಕ್ಕೆ ಓಡಿದ್ದಳು. ಆಕೆಯನ್ನು ಹಿಡಿದು ತಂದರು. ರಾಣಿ, ಆಕೆಯ ದತ್ತುಪುತ್ರ, ಆಕೆಯ ವಿರುದ್ಧ ಹಕ್ಕು ಹೂಡಿದ್ದ ಚೆನ್ನಬಸವ, ಎಲ್ಲರೂ ಒಟ್ಟಿಗೆ ಸೇರಿದ್ದು ಮದ್ದಗಿರಿಯ ದುರ್ಗಕ್ಕೆ. ವಾದಿ ಪ್ರತಿವಾದಿ ಇಬ್ಬರನ್ನೂ ಒಂದೇ ಸೆರೆಗೆ ಹಾಕಿ ಹೈದರ್ ವ್ಯಾಜ್ಯ ತೀರ್ಮಾನಿಸಿದ.

ಈ ಆಯ್ಕೆಗೆ ಕಾರಣ ಬೇಕಿದ್ದವರು ಮಧುಗಿರಿ ಬಸ್ ನಿಲ್ದಾಣದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಸಾಕು. ಊರಿನ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ 3,900 ಅಡಿಗೂ ಎತ್ತರಕ್ಕೆ ನಿಂತಿರುವುದು ಒಂದೇ ಬಂಡೆ. ಬಾಗಿಲ ಮೇಲೆ ಬಾಗಿಲು. ಕೊನೆಯ ಏರಿನಲ್ಲಿ ಬಂಡೆಗೆ ಕೊರೆದ ಕಾಲಚ್ಚುಗಳನ್ನು ಹಿಡಿದು ಬೆಕ್ಕಿನಂತೆ ಹತ್ತಬೇಕು. ನೆತ್ತಿಯಲ್ಲಿ ಕಣಜಗಳು, ಪಾಳುಬಿದ್ದ ಗೋಪಾಲಕೃಷ್ಣ ಗುಡಿ. ಚಿಕ್ಕದೇವರಾಜ ಒಡೆಯರ ಸೈನ್ಯ 1678ರಲ್ಲಿ ಇದನ್ನು ಗೆಲ್ಲಲು ಎಷ್ಟು ಹೆಣಗಿತೆಂಬುದು ಮೈಸೂರಿನವರಿಗೆ ನೆನಪಿತ್ತು. ಹತ್ತಿರದ ಚನ್ನರಾಯನ ದುರ್ಗ, ಇಂದಿನ ಕೊರಟಗೆರೆ ತಾಲ್ಲೂಕಿನದು, ಅದೇ ಕಾಲದಲ್ಲಿ ಮೈಸೂರಿಗೆ ಸೇರಿದ ಇನ್ನೊಂದು ಬೆಟ್ಟದ ಕೋಟೆ.

ರಾಣಿಯನ್ನು ಕೊಲ್ಲದೆ ಉಳಿಸಿದ್ದನ್ನು ದಯೆ ಎನ್ನಲು ನನಗೆ ಮನಸ್ಸಾಗದು. ಬಿದನೂರಿನಲ್ಲಿ ಅದೇ ವರ್ಷ ತನ್ನ ಕೊಲೆಗೆ ಸಂಚು ನಡೆದಾಗ ಹೈದರ್ ಸಂಜೆಯೊಳಗೆ ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ರಾಜವಂಶದವರ ಲೆಕ್ಕ ಬೇರೆ. ಅವರು ಬದುಕಿದ್ದರೆ ಎಂದಾದರೂ ಚಲಾಯಿಸಬಹುದಾದ ನಾಣ್ಯ. ಮೈಸೂರಿನ ಒಡೆಯರನ್ನೂ ಅವನು ಹೀಗೆಯೇ ದಸರೆಗೊಮ್ಮೆ ಜನರಿಗೆ ತೋರಿಸುತ್ತ ಇಟ್ಟುಕೊಂಡಿದ್ದ.

ನಾಣ್ಯವೆಂದಾಗ ನಿಜವಾದ ನಾಣ್ಯವೇ ನೆನಪಿಗೆ ಬರುತ್ತದೆ. ಹೈದರ್ ಟಂಕಿಸಿದ ಬಹಾದುರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು ಕೂತಿದ್ದಾರೆ. ಅದು ಇಕ್ಕೇರಿ ಬಿದನೂರು ಅರಸರ ವರಹದ ಅಚ್ಚು, ಮಧುಗಿರಿಯಲ್ಲಿ ಸೆರೆಯಿದ್ದವಳ ಮನೆತನದ್ದು. ಹಿಂದಿನ ಮುಖದಲ್ಲಿ ಇರುವುದು ಒಂದೇ ಪಾರಸಿ ಅಕ್ಷರ, ಹೈದರನ ಹೆಸರಿನ ಮೊದಲನೆಯದು. ಅವನಿಗೆ ಬರೆಯಲು ಬರುತ್ತಿದ್ದ ಆ ಒಂದೇ ಅಕ್ಷರ. ಪೇಟೆಯಲ್ಲಿ ಜನ ನಂಬಿದ ಅಚ್ಚನ್ನು ಏಕೆ ಕೆಡಿಸಬೇಕು? ತನ್ನ ಗುರುತಿಗೆ ಒಂದಕ್ಷರ ಸಾಕು. ಎಲ್ಲ ನೆನಪುಗಳೂ ಹೇಳಲು ಹೆಣಗುವ ಹೈದರ್ ಆ ವರಹದ ಎರಡು ಮುಖಗಳಲ್ಲಿ ಸರಾಗವಾಗಿ ಸಿಗುತ್ತಾನೆ.

ಭಾವಮೈದುನ

1767ರ ಆರಂಭದಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಶಿರಾದ ಕೋಟೆಯಲ್ಲಿದ್ದವನು ಮೀರ್ ಅಲಿ ರಜಾ ಖಾನ್, ಹೈದರನ ಹೆಂಡತಿಯ ತಮ್ಮ, ಟಿಪ್ಪುವಿನ ಸೋದರಮಾವ. ಅವನು ಕಾದಾಡದೆ ಕೋಟೆಯನ್ನು ಒಪ್ಪಿಸಿ, ಬದಲಿಗೆ ಗುರ್ರಮಕೊಂಡವನ್ನು ಪಡೆದುಕೊಂಡ. ಮರಾಠರು ಅಲ್ಲಿಂದ ಮಧುಗಿರಿಗೆ ಬಂದು ಅದನ್ನೂ ಹಿಡಿದು ವೀರಮ್ಮಾಜಿಯನ್ನೂ ಮಗನನ್ನೂ ಬಿಡಿಸಿದರು. ಪುಣೆಯ ದಾರಿಯಲ್ಲೇ ರಾಣಿ ತೀರಿಕೊಂಡಳು.

ನಗಾರಿಯನ್ನು ಮೂವತ್ತು ವರ್ಷ ಮರೆಯದವನು ಇದನ್ನು ಹೇಗೆ ತೆಗೆದುಕೊಂಡ? ಮುಂದಿನ ವರ್ಷವೇ, ಇಂಗ್ಲಿಷರ ಜತೆ ಯುದ್ಧ ನಡೆದಿರುವಾಗ, ಹೈದರ್ ಗುರ್ರಮಕೊಂಡಕ್ಕೆ ಹೋಗಿ ಭಾವಮೈದುನನನ್ನು ಒಲಿಸಿ ಸೈನ್ಯಸಮೇತ ಕರೆತಂದ. ಶಿರಾದ ಮಾತು ಎತ್ತಲಿಲ್ಲ. 1781ರಲ್ಲಿ ಪೋರ್ಟೋನೋವೋ ಕಾಳಗದಲ್ಲಿ ಗಾಯಗೊಂಡು ಸತ್ತಾಗ ಮೀರ್ ಸಾಹೇಬ್ ಹೈದರನ ದೊಡ್ಡ ಸೇನಾನಿಗಳಲ್ಲಿ ಒಬ್ಬ.

ಖಂಡೇರಾಯನಿಗೆ ಈ ಭಾಗ್ಯ ಸಿಗಲಿಲ್ಲ. ಹೈದರನೇ ಬೆಳೆಸಿದ ದಿವಾನ ಅವನು. 1760ರಲ್ಲಿ ತಿರುಗಿಬಿದ್ದು ಸೋತ. ರಾಣಿವಾಸದವರು ಅವನ ಜೀವ ಬೇಡಿದಾಗ, ಗಿಣಿಯಂತೆ ಸಾಕುತ್ತೇನೆಂದು ಹೈದರ್ ಮಾತು ಕೊಟ್ಟ. ಮಾತಿನಂತೆಯೇ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಇಬ್ಬರೂ ದ್ರೋಹಿಗಳೇ, ಶಿಕ್ಷೆ ಮಾತ್ರ ಒಂದಲ್ಲ. ಒಬ್ಬನಿಂದ ಇನ್ನೂ ಕೆಲಸವಾಗುವುದಿತ್ತು, ಅವನಿಗೆ ಕುದುರೆಗಳಿದ್ದವು, ನಂಟಿತ್ತು. ಇನ್ನೊಬ್ಬ ಹೈದರನ ಸ್ಥಾನಕ್ಕೇ ಕೈಹಾಕಿದ್ದ. ಹೈದರನ ಸಿಟ್ಟು ಕುರುಡಲ್ಲ, ಅದಕ್ಕೆ ಲೆಕ್ಕ ಬರುತ್ತಿತ್ತು. ನೆನಪುಗಳನ್ನು ಬರೆದವರಿಗೆ ಈ ಲೆಕ್ಕವೇ ಅವನ ಕ್ರೌರ್ಯಕ್ಕಿಂತ ಹೆಚ್ಚು ಭಯ ಹುಟ್ಟಿಸಿದಂತಿದೆ.

ಪೂರ್ಣಯ್ಯ ಹೇಳಿದ್ದು

ಕೊನೆಯ ವರ್ಷಗಳ ಹೈದರ್ ಬೇರೆಯೇ ಮನುಷ್ಯ. ಇಂಗ್ಲಿಷರೊಡನೆ ಎರಡನೆಯ ಯುದ್ಧ ಎಳೆಯುತ್ತ ಹೋದಾಗ ಒಂದು ದಿನ ಪೂರ್ಣಯ್ಯನೊಬ್ಬನೇ ಹತ್ತಿರ ಕೂತಿದ್ದ ಹೊತ್ತಿನಲ್ಲಿ ಹೈದರ್ ಮನಸ್ಸು ತೋಡಿಕೊಂಡನಂತೆ. ಲಕ್ಷ ವರಹ ತೆತ್ತು ಒಂದು ಗುಟುಕು ಸೇಂದಿ ಕುಡಿದಂಥ ಕೆಲಸ ಮಾಡಿದೆ ಎಂದು ಹಳಹಳಿಸಿದ. ನೆಲದ ಮೇಲೆ ಇವರನ್ನು ಎಷ್ಟು ಸೋಲಿಸಿದರೂ ಸಮುದ್ರವನ್ನು ಬತ್ತಿಸುವುದು ತನ್ನ ಕೈಲಾಗದೆಂದೂ ಒಪ್ಪಿಕೊಂಡ. ಈ ಮಾತು ವಿಲ್ಕ್ಸನಿಗೆ ಬಂದದ್ದು ಪೂರ್ಣಯ್ಯನ ಬಾಯಿಂದ. ಹೇಳುವಾಗ ಪೂರ್ಣಯ್ಯ ಇಂಗ್ಲಿಷರ ಕೃಪೆಯಲ್ಲಿದ್ದ ದಿವಾನ, ಕೇಳುತ್ತಿದ್ದವನು ಇಂಗ್ಲಿಷರ ರೆಸಿಡೆಂಟ್. ಸಮುದ್ರದ ಮಾತು ಕೇಳುವವನಿಗೆ ಹಿತವಾಗಿಯೇ ಇದೆ. ಸೇಂದಿಯ ಮಾತಿಗೆ ಮಾತ್ರ ಹೈದರನದೇ ವಾಸನೆ. ಈಚಲು ವನಗಳ ಸೀಮೆಯಲ್ಲಿ ಬೆಳೆದವನ ಬಾಯಲ್ಲಿ ಹುಟ್ಟುವ ಹೋಲಿಕೆ ಅದು, ರೆಸಿಡೆಂಟನನ್ನು ಮೆಚ್ಚಿಸಲು ಕಟ್ಟಿದ್ದಲ್ಲ.

ಇನ್ನೊಂದು ನೆನಪು ಗುಲಾಮ್ ಅಲಿ ಎಂಬ ಆಪ್ತನದು. ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದ ಒಡೆಯನನ್ನು ಕಂಡು ಎದ್ದ ಮೇಲೆ ಕೇಳಿದ. ತನ್ನ ದೊರೆತನಕ್ಕಿಂತ ಬೈರಾಗಿಯ ಬದುಕೇ ಮೇಲು, ಅವನಿಗೆ ಎಚ್ಚರದಲ್ಲಿ ಸಂಚುಗಾರರಿಲ್ಲ, ಕನಸಿನಲ್ಲಿ ಕೊಲೆಗಾರರಿಲ್ಲ ಎಂಬುದು ಹೈದರ್ ಕೊಟ್ಟ ಉತ್ತರ.

ಬೆನ್ನಿನ ಹುಣ್ಣಿನಿಂದ ನರಳಿ ಹೈದರ್ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಸತ್ತದ್ದು 1782ರ ಡಿಸೆಂಬರ್ 7ರಂದು. ಟಿಪ್ಪು ಮಲಬಾರಿನಲ್ಲಿದ್ದ. ಅವನು ಬರುವ ತನಕ ಪೂರ್ಣಯ್ಯ ಮತ್ತು ಖಜಾನೆಯ ಕೃಷ್ಣರಾಯ ಸಾವನ್ನು ಮುಚ್ಚಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಕಚೇರಿ ಎಂದಿನಂತೆ ನಡೆಯಿತು. ತಾನು ಇಲ್ಲದಿದ್ದರೂ ತಿರುಗುವಂಥ ಯಂತ್ರವನ್ನು ಹೈದರ್ ಕಟ್ಟಿದ್ದನೆಂಬುದಕ್ಕೆ ಆ ದಿನಗಳೇ ಸಾಕ್ಷಿ.

ಎಷ್ಟು ನಂಬುವುದು

ಒಳಗಿನವರ ನೆನಪಿಗೆ ಒಂದು ಕಾಯಿಲೆ ಸದಾ ಇರುತ್ತದೆ: ತಾನಿಲ್ಲದೆ ಒಡೆಯ ಏನೂ ಮಾಡುತ್ತಿರಲಿಲ್ಲ ಎಂಬ ಭಾವನೆ. ದ ಲ ತೂರನಿಗೆ ಅದು ಜೋರಾಗಿಯೇ ಇದೆ, ಅವನ ಪುಸ್ತಕದಲ್ಲಿ ಫಿರಂಗಿಗಳು ಗೆಲ್ಲದ ಯುದ್ಧವಿಲ್ಲ. ಕಿರ್ಮಾನಿ ಅಳಿದ ಮನೆಯ ಅಭಿಮಾನಿ. ವಿಲ್ಕ್ಸ್ ಗೆದ್ದವರ ಪಕ್ಷದವನು. ಹೀಗೆ ಒಬ್ಬರಿಗೊಬ್ಬರು ಒಪ್ಪದವರು ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು. ನೆನಪಿನ ಶಕ್ತಿ, ಸುಲಭದ ಭೇಟಿ, ಚಾಟಿ, ಮತದ ಬಗ್ಗೆ ಉದಾಸೀನ, ಲೆಕ್ಕಾಚಾರದ ಕ್ಷಮೆ: ಹೈದರನ ವಿಷಯದಲ್ಲಿ ಇಷ್ಟಕ್ಕೆ ಹೆಚ್ಚುಕಡಿಮೆ ಎಲ್ಲರ ಒಪ್ಪಿಗೆಯಿದೆ. ಎನ್. ಕೆ. ಸಿನ್ಹಾ 1941ರಲ್ಲಿ ಹೊರತಂದ ಚರಿತ್ರೆ ಈ ಸಾಕ್ಷಿಗಳನ್ನು, ಅದರಲ್ಲೂ ಪೇಶೋತೊವಿನ ಬರಹವನ್ನು, ಚೆನ್ನಾಗಿ ಬಳಸಿಕೊಂಡಿತು.

ಇಷ್ಟು ಬರಹಗಳಿದ್ದರೂ ಹತ್ತು ಹದಿನೈದು ವರ್ಷಗಳೊಳಗೆ ಮೂರು ಕೈ ಬದಲಾದ ಶಿರಾ ಮಧುಗಿರಿಗಳ ರೈತರು ಹೈದರನನ್ನು ಹೇಗೆ ಕಂಡರೆಂಬುದು ಅವುಗಳಲ್ಲಿ ಸಿಗದು. ಕೊರಟಗೆರೆ ಪಾವಗಡಗಳ ಬೆಟ್ಟದ ಪಾಳೆಯಗಾರರು ಕಪ್ಪದ ಪಟ್ಟಿಯಲ್ಲಿ ಬರುತ್ತಾರೆ, ಅವರ ಊರಿನವರು ಅದರಲ್ಲೂ ಇಲ್ಲ. ಅಂಥ ಮಾತು ಉಳಿದಿದ್ದರೆ ಶಾನುಭೋಗರ ಮನೆಗಳ ಕಡತಗಳಲ್ಲಿ ಉ‍ಳಿದಿರಬೇಕು, ಕರಿ ಬಳಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆದ ಆ ಉದ್ದನೆಯ ಪುಸ್ತಕಗಳಲ್ಲಿ. ಹೈದರ್‌ನಾಮೆಯೂ ನೂರೈವತ್ತು ವರ್ಷ ಹಸ್ತಪ್ರತಿಯಾಗಿಯೇ ಇದ್ದು ಆಮೇಲೆ ಅಚ್ಚಾಯಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಂಥ ಕಡತವಿದ್ದರೆ, ಹಳೆಯ ಸಾಮಾನಿನವನಿಗೆ ಹಾಕುವ ಮುನ್ನ ಓದಬಲ್ಲ ಒಬ್ಬರಿಗೆ ತೋರಿಸಿ.